ಚೀನಾ ಬಂದೂಕಿನ ಮರ

ಬಂದೂಕಿಗೆ ಪಾಲಿಶ್ ಮಾಡಿಕೊಡುತ್ತೀರಾ ಎಂದು ಕುಮಟೆಯಿಂದ ಫೋನು ಬಂದಾಗ ನಾನು ಮಾಡಿದ ಮೊದಲ ಕೆಲಸ ಫೋನು ಇಟ್ಟದ್ದು. ಕೊಂಕಣ ರೈಲು ಹೊಸದಾಗಿ ಓಡತೊಡಗಿದ್ದ ವರ್ಷಗಳು ಅವು. ನನ್ನ ಕೆಲಸವೆಲ್ಲ ಭಟ್ಕಳದ ಗಲ್ಫ್ ಮನೆಗಳಲ್ಲಿ. ಬೀಟೆ ಮಂಚ, ಸಾಗುವಾನಿ ಬಾಗಿಲು, ಸೋಫಾದ ಕೈ, ಎಲ್ಲದಕ್ಕೂ ಸ್ಪಿರಿಟ್ ಪಾಲಿಶ್. ಆಗ ಗಲಭೆಯ ಹೆದರಿಕೆಯಿಂದ ಅಲ್ಲಿ ಪೊಲೀಸರು ಬಸ್ಸು ನಿಲ್ಲಿಸಿ ಚೀಲ ಬಿಚ್ಚಿಸಿ ನೋಡುತ್ತಿದ್ದರು. ಹೊನ್ನಾವರದಿಂದ ದಿನಾ ಅದೇ ಬಸ್ಸಿನಲ್ಲಿ ಹೋಗಿ ಬರುವ ಹೆಂಗಸಿಗೆ ಬಂದೂಕಿನ ಉಸಾಬರಿ ಬೇಕೆ?

ಫೋನು ಮತ್ತೆ ಹೊಡೆದುಕೊಂಡಿತು.

"ಅಕ್ಕಾ, ಇಡಬೇಡಿ ಮಾರಾಯ್ರೆ! ನಾನು ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ. ಇದು ಗುಂಡು ಹಾರೂ ಬಂದೂಕಲ್ಲ. ನಳಿಗೆಗೆ ಸೀಸ ತುಂಬಿ, ಬೋಲ್ಟಿಗೆ ವೆಲ್ಡಿಂಗ್ ಮಾಡಿ ಬಾಯಿ ಕಟ್ಟಿಟ್ಟದ್ದು. ಬರೀ ಮರದ ಕೆಲಸ."

"ಎಂತ ಮರ?"

"ಅದೇ ಗೊತ್ತಿಲ್ಲ. ಚೀನಾದ್ದು."

ಈ ಮಾತಿಗೆ ನಾನು ಬಿದ್ದೆ. ಮರ ಯಾವುದೆಂದು ಗೊತ್ತಿಲ್ಲ ಅಂದರೆ ನನಗೆ ತಡೆಯಲಾಗುವುದಿಲ್ಲ. ನಮ್ಮ ಮಾವ ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ದೋಣಿ ಕಟ್ಟುವ ಬಡಗಿ. ಮದುವೆಯಾಗಿ ಬಂದ ಹೊಸತರಲ್ಲಿ ಅವರು ನನ್ನ ಕಣ್ಣಿಗೆ ಬಟ್ಟೆ ಕಟ್ಟಿ ಒಂದೊಂದೇ ಚಕ್ಕೆ ಮೂಗಿಗೆ ಹಿಡಿದು ಹೆಸರು ಹೇಳಿಸುತ್ತಿದ್ದರು. ತಪ್ಪು ಹೇಳಿದರೆ ಅವತ್ತೆಲ್ಲ "ಪಾಲಿಶಮ್ಮ" ಎಂದು ತಮಾಷೆ. ಹಾಗೆ ತಯಾರಾದ ಮೂಗು ನನ್ನದು.

ಮರುದಿನವೇ ಕುಮಟೆಗೆ ಹೋದೆ. ಸಂಘದ ಸಭಾಭವನದಲ್ಲಿ ಗಾಜಿನ ಕಪಾಟು, ಅದರೊಳಗೆ ಎರಡು ಬಂದೂಕು. ಎರಡೂ ಕಪ್ಪೆಂದರೆ ಕಪ್ಪು, ಕಬ್ಬಿಣ ಎಲ್ಲಿ ಮುಗಿಯಿತು, ಮರ ಎಲ್ಲಿ ಶುರುವಾಯಿತು ಎಂದು ತಿಳಿಯದಷ್ಟು. ಕಾರ್ಯದರ್ಶಿ ಬೀಗ ತೆಗೆದದ್ದೇ ತಡ, ವಾಸನೆ ಬಂದು ಮೂಗಿಗೆ ಹೊಡೆಯಿತು. ಗೇರೆಣ್ಣೆ! ಗೇರುಬೀಜದ ಸಿಪ್ಪೆಯಿಂದ ತೆಗೆಯುವ, ಕೈಗೆ ತಾಗಿದರೆ ಬೊಬ್ಬೆ ಏಳಿಸುವ ಎಣ್ಣೆ. ನಮ್ಮಲ್ಲಿ ಹುಳ ಹಿಡಿಯದಿರಲೆಂದು ದೋಣಿಗೆ ಬಳಿಯುತ್ತಾರೆ. ಬಂದೂಕಿಗೆ ಬಳಿದದ್ದನ್ನು ನಾನು ಕಂಡಿರಲಿಲ್ಲ.

"ಯಾರು ಈ ಘನಕಾರ್ಯ ಮಾಡಿದವರು?" ಎಂದು ಕೇಳಿದೆ.

ಕಾರ್ಯದರ್ಶಿ ನನ್ನ ಮುಖ ನೋಡಿ ಕೆಮ್ಮಿದರು. "ನಿಮ್ಮ ಮಾವನೇ ಅಕ್ಕಾ."

ಸರಿ ಹೋಯಿತು. ಅವರು ಹೇಳಿದ ಕತೆ ಇದು. ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವದ ಗಡಿಯಲ್ಲಿ ಎದುರಾಳಿಗಳ ಕೈಯಲ್ಲಿದ್ದವು ಚೀನಾದಲ್ಲಿ ತಯಾರಾದ ಬಂದೂಕುಗಳು. ಕಿತ್ತುಕೊಂಡವುಗಳಲ್ಲಿ ಎರಡನ್ನು ಒಂದು ಪಲ್ಟಣದವರು ಈ ಸಭಾಭವನಕ್ಕೆ ನೆನಪಿಗೆಂದು ಕೊಟ್ಟಿದ್ದರು. ಪೆಟ್ಟಿಗೆ ಬಂದದ್ದು ಈ ಸಲದ ಮಳೆಗಾಲದ ಬಾಯಲ್ಲಿ. ಮಾಡು ಸೋರಿತು, ಪೆಟ್ಟಿಗೆ ನೆನೆಯಿತು, ಮಳೆ ಬಿಟ್ಟ ಮೇಲೆ ತೆರೆದು ನೋಡಿದರೆ ಬೂಷ್ಟು ಹಿಡಿದು ಹುಳವೂ ಬಿದ್ದಿತ್ತು. ಆಯುಧ ಪೂಜೆಗೆ ಪಲ್ಟಣದಿಂದ ಮೇಜರ್ ಸಾಹೇಬರು ಬರುವವರು. ಗಾಬರಿಯಲ್ಲಿ ಕಾರ್ಯದರ್ಶಿ ಪರಿಚಯದ ನಮ್ಮ ಮಾವನನ್ನು ಕರೆಸಿದರು. ಮಾವ ಮರ ಬಿಚ್ಚಿಸಿ, ತೊಳೆದು, ಗೇರೆಣ್ಣೆ ಕುಡಿಸಿ, ಬಿಸಿಲಿಗೆ ಒಣಗಿಸಿ ಜೋಡಿಸಿಕೊಟ್ಟು ಹೋದರು. ಪೂಜೆಯ ದಿನ ಅವರು ಬರಲಿಲ್ಲ. ಅವತ್ತು ಅವರದೇ ಉಳಿ ಬಾಚಿಗಳಿಗೆ ದೋಣಿ ಕೊಟ್ಟಿಗೆಯಲ್ಲಿ ಪೂಜೆ.

"ಪೂಜೆ ದಿವಸವೇ ಮರ್ಯಾದೆ ಹೋದ್ದು," ಎಂದರು ಕಾರ್ಯದರ್ಶಿ.

ಕುಮಟೆಯ ಹತ್ತಿರ ಬಾಡದಲ್ಲಿ ಒಬ್ಬರು ನಿವೃತ್ತ ಹವಾಲ್ದಾರರಿದ್ದಾರೆ. ಎರಡರಲ್ಲಿ ಒಂದು ಬಂದೂಕನ್ನು ಕಿತ್ತು ತಂದವರು ಅವರೇ. ಪಲ್ಟಣದ ದಾಖಲೆಯಲ್ಲಿ ನಂಬರಿಲ್ಲ, ಗುರುತು ಮಾತ್ರ ಇದೆ: ಮುಂದೆ ಮಡಚುವ ಮೂರು ಅಂಚಿನ ಸೂಜಿ ಚೂರಿ, ಹಿಡಿಯ ಎಡಬದಿಯ ಮರದಲ್ಲಿ ಸಿಡಿದ ಚೂರು ತಾಗಿದ ಗಾಯ. ಆ ಗುರುತಿನ ಬಂದೂಕಿನ ಕೆಳಗೆ ಹವಾಲ್ದಾರರ ಹೆಸರಿನ ಹಿತ್ತಾಳೆ ಫಲಕ ಹಾಕುವುದೆಂದು ಮೇಜರ್ ಫಲಕವನ್ನು ಮಾಡಿಸಿಕೊಂಡೇ ಬಂದಿದ್ದರು. ಊರವರೆಲ್ಲ ನೆರೆದಿದ್ದರು. ಹವಾಲ್ದಾರರು ಸೂಜಿ ಚೂರಿಯ ಬಂದೂಕು ಎತ್ತಿ ಎಡಬದಿಗೆ ಹೆಬ್ಬೆರಳು ಆಡಿಸಿದರು. ಇನ್ನೊಮ್ಮೆ ಆಡಿಸಿದರು. ಗಾಯವಿಲ್ಲ, ಮರ ನುಣ್ಣಗಿದೆ. "ಇದು ನಂದಲ್ಲ" ಎಂದು ಕೆಳಗಿಟ್ಟುಬಿಟ್ಟರು.

ಮೇಜರ್ ಪಾಪ ಒಳ್ಳೆಯವರು. ಸ್ಪಷ್ಟವಾಗುವವರೆಗೆ ಫಲಕ ನನ್ನ ಹತ್ತಿರವೇ ಇರಲಿ, ಡಿಸೆಂಬರಿನ ವಿಜಯ ದಿವಸಕ್ಕೆ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಮರ ಶುಚಿ ಮಾಡಿಸಿ ಎಂದು ಹೇಳಿ ಫಲಕವನ್ನು ಜೊತೆಗೇ ತೆಗೆದುಕೊಂಡು ಹೋದರು. ಊರಿಗೆ ಅಷ್ಟು ಸಾಕಲ್ಲ! ಬಾಡದಿಂದ ಕುಮಟೆ ಪೇಟೆಯವರೆಗೆ ಒಂದೇ ಮಾತು: ಹವಾಲ್ದಾರ ಇಷ್ಟು ವರ್ಷ ಬಿಟ್ಟದ್ದೆಲ್ಲ ಬಂಡಲ್. ಅವರು ಅವತ್ತಿನಿಂದ ಸಂಘಕ್ಕೆ ಕಾಲಿಡಲಿಲ್ಲ.

"ಗಾಯದ ವಿಷಯ ಹಾಳಾಗಿ ಹೋಗ್ಲಿ ಅಕ್ಕಾ. ಸಾಹೇಬರು ಬರೂಹೊತ್ತಿಗೆ ಗಲ್ಫ್ ಮನೆ ಸೋಫಾದ ಹಂಗೆ ಮಿಂಚಬೇಕು," ಎಂದರು ಕಾರ್ಯದರ್ಶಿ. ಪಾಲಿಶ್ ಪೇಪರಿನ ಕಟ್ಟನ್ನೂ ತಂದಿಟ್ಟಿದ್ದರು.

ಅವತ್ತು ಸಂಜೆ ಮನೆಯಲ್ಲಿ ಊಟಕ್ಕೆ ಬಡಿಸುತ್ತ ಮಾವನ ಹತ್ತಿರ ಈ ವಿಷಯ ತೆಗೆದೆ. ಗಾಯದ ಗುರುತು ಹುಡುಕುತ್ತಿದ್ದಾರಂತೆ, ಆ ಹವಾಲ್ದಾರರ ಹೆಸರಿನ ಫಲಕವೇ ನಿಂತುಹೋಯಿತಂತೆ ಎಂದೆ. ಮೀನುಸಾರಿಗೆ ಇನ್ನೊಮ್ಮೆ ಕೈ ಹಾಕುವ ಮನುಷ್ಯ ತಟ್ಟೆ ನೋಡಿಕೊಂಡೇ ಉಂಡು ಎದ್ದರು. "ಗೇರೆಣ್ಣೆ ಎಂತಕ್ಕೂ ಕೆಟ್ಟದ್ದಲ್ಲ" ಎಂದಷ್ಟೇ ಹೇಳಿ ಬೀಡಿ ಹಚ್ಚಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನಗೆ ಆಗಲೇ ಅನುಮಾನ ಬಂತು. ಆದರೆ ಕೈಯಲ್ಲಿ ಸಾಕ್ಷಿ ಏನೂ ಇರಲಿಲ್ಲವಲ್ಲ, ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಕೆಲಸ ಶುರು ಮಾಡಿದ್ದು ಮೇಲಿನ ಸಣ್ಣ ಮರದಿಂದ. ಈ ಬಂದೂಕಿನಲ್ಲಿ ಎರಡೇ ಮರ: ಭುಜಕ್ಕೆ ಒರಗುವ ಬುಡದಿಂದ ನಳಿಗೆಯ ಅಡಿಯವರೆಗೆ ಓಡುವ ಉದ್ದನೆಯ ಹಿಡಿ ಒಂದು, ನಳಿಗೆ ಬಿಸಿಯಾದಾಗ ಕೈ ಸುಡದಿರಲೆಂದು ಮೇಲೆ ಹೊದಿಸುವ ಗೇಣುದ್ದದ ಮುಚ್ಚಳ ಇನ್ನೊಂದು. ಮುಚ್ಚಳದ ಒಳಮೈಗೆ, ಯಾರಿಗೂ ಕಾಣದ ಕಡೆ, ಪೇಂಟ್ ರಿಮೂವರ್ ಹಚ್ಚಿ ನೋಡಿದೆ. ಕಪ್ಪು ಗುಳ್ಳೆ ಗುಳ್ಳೆಯಾಗಿ ಎದ್ದು ಬಂತು. ಅದರ ಜೊತೆಗೆ ಮರದ ಕೆಂಪು ಬಣ್ಣವೂ ಎದ್ದು ಬಂತು, ಕೆಳಗೆ ಮರ ತುರಿದ ಕೊಬ್ಬರಿಯ ಹಾಗೆ ಎಳೆ ಎಳೆ ಬಿಟ್ಟುಕೊಂಡಿತು. ಒರೆಸಿ ಅಲ್ಲಿಗೇ ನಿಲ್ಲಿಸಿದೆ.

"ಪೇಪರ್ ಹಾಕಿ ತಿಕ್ಕಿಬಿಡಿ, ಒಂದೇ ದಿನದ ಕೆಲಸ," ಎಂದರು ಕಾರ್ಯದರ್ಶಿ.

"ಗಾಯ ಇದ್ರೆ ಪೇಪರು ಅದನ್ನೂ ತಿಂದು ಹಾಕ್ತದೆ."

"ಗಾಯ ಇಲ್ವಲ್ಲ!"

"ಇಲ್ಲ ಅಂತ ನೀವು ಮರಕ್ಕೆ ಕೇಳಿದ್ರಾ?"

ಅವರು ಸಿಟ್ಟು ಮಾಡಿಕೊಂಡು ಹೊರಗೆ ಹೋದರು. ನನಗೂ ಸಿಟ್ಟು ಬಂದಿತ್ತು. ಅದೇ ಸಿಟ್ಟಿನಲ್ಲಿ ಬಾಡದ ಟೆಂಪೋ ಹತ್ತಿ ಹವಾಲ್ದಾರರ ಮನೆಗೆ ಹೋದೆ. ಹಿತ್ತಲಲ್ಲಿ ಈರುಳ್ಳಿ ಮಡಿಗೆ ನೀರು ಹಾಕುತ್ತಿದ್ದರು, ತೆಳ್ಳಗಿನ ನೆಟ್ಟಗಿನ ಮನುಷ್ಯ. ಬಂದೂಕಿನ ಮಾತು ಎತ್ತಿದ ಕೂಡಲೇ ಕೊಡ ಕೆಳಗಿಟ್ಟರು.

"ನೀವೂ ನಗೂಕೆ ಬಂದ್ರಾ?"

"ನಗೂಕಾದ್ರೆ ಹೊನ್ನಾವರದಲ್ಲೇ ನಗ್ತಿದ್ದೆ. ಟೆಂಪೋದಲ್ಲಿ ನಿಂತ್ಕಂಡು ಬರೂ ಅಗತ್ಯ ಇತ್ತಾ?"

ಅದಕ್ಕೆ ಅವರಿಗೇ ನಗು ಬಂತು. ಜಗಲಿಯಲ್ಲಿ ಕೂರಿಸಿ ಹೇಳಿದರು. ಆ ಬಂದೂಕಿಗಾಗಿ ಕೈಕೈ ಹಿಡಿದು ಎಳೆದಾಡುವಾಗ ಹತ್ತಿರದಲ್ಲೇ ಏನೋ ಸಿಡಿದು, ಅದರ ಚೂರು ಇವರ ತೋಳಿಗೂ ಬಂದೂಕಿನ ಮರಕ್ಕೂ ಒಟ್ಟಿಗೇ ಹೊಕ್ಕಿತಂತೆ. ಆಮೇಲೆ ಅದನ್ನು ಹೊತ್ತು ಗದ್ದೆ, ಕೆಸರು, ಹೊಳೆ ದಾಟಿ ನಡೆದದ್ದು. "ದಾರಿಯುದ್ದಕ್ಕೂ ನನ್ನ ಹೆಬ್ಬೆರಳು ಆ ಗಾಯದೊಳಗೇ ಇತ್ತು ತಂಗಿ. ನೋವಿಗೆ ಅದನ್ನೇ ಒತ್ತಿ ಹಿಡಕೊಂಡಿದ್ದೆ. ಈಗ ನೋಡಿದ್ರೆ ಮರದಲ್ಲಿ ಎಂತದೂ ಇಲ್ಲ. ನನ್ನ ತಲೆಯೇ ಕೆಟ್ಟಿತಾ ಅಂತ ಆಗ್ತದೆ."

ಹೆಂಡತಿ ಒಳಗಿನಿಂದ ಚಹಾ ತಂದಿಟ್ಟು, "ಸಮಾ ಉಂಡು ಎಷ್ಟು ದಿನ ಆತೋ. ಪೇಟೆಗೂ ಹೋಗೂದಿಲ್ಲ" ಎಂದರು. ಇಂಥ ಮನುಷ್ಯನನ್ನು ಸುಳ್ಳುಗಾರ ಮಾಡಿದೆವಲ್ಲ ಎಲ್ಲ ಸೇರಿ!

ಮತ್ತೆ ಸಭಾಭವನಕ್ಕೆ ಹೋದವಳು ಕಾರ್ಯದರ್ಶಿಯನ್ನು ಸಮಾಧಾನ ಮಾಡಿ ಎರಡೂ ಬಂದೂಕಿನ ಮರ ಬಿಚ್ಚಿಸಿದೆ. ಅವರು ಹಳೆಯ ಸೈನಿಕರು, ಕುದುರೆ, ಅಂದರೆ ಟ್ರಿಗರಿನ ಭಾಗವನ್ನು ಕೆಳಗಿನಿಂದ ಕಳಚಿ ಕಬ್ಬಿಣವನ್ನು ಮೇಲಕ್ಕೆತ್ತಿ ಕೊಟ್ಟರು. ಎರಡು ಹಿಡಿಗಳನ್ನು ಎರಡು ಕೈಯಲ್ಲಿ ತೂಗಿದೆ. ಒಂದು ಭಾರ, ಒಂದು ಹಗುರ! ಕಪ್ಪಿನ ಅಡಿಯಲ್ಲಿ ಎರಡೂ ಒಂದೇ ಎಂದುಕೊಂಡಿದ್ದೆವಲ್ಲ. ಬುಡದ ಕಬ್ಬಿಣದ ತಗಡು ಬಿಚ್ಚಿದೆ. ಅದರಡಿಗೆ ಗೇರೆಣ್ಣೆ ಅಷ್ಟಾಗಿ ಇಳಿದಿರಲಿಲ್ಲ. ಭಾರದ್ದು ಒತ್ತಾದ ನಾರಿನ ಗಟ್ಟಿ ಮರ. ಹಗುರದ್ದು ಕಣ್ಣು ಕಣ್ಣು ಬಿಟ್ಟ ಮರ, ಸುಮಾರಿಗೆ ನಮ್ಮ ಶಿವನೆ ಮರದ ಜಾತಿ. ಮೂಸಿ ನೋಡಿದರೆ ಯಾವುದೂ ನಮ್ಮ ಕಡೆಯದಲ್ಲ. ಇಬ್ಬರೂ ಪರದೇಶಿಗಳು, ಆದರೆ ಒಂದೇ ಮನೆಯವರಲ್ಲ.

ಇನ್ನೊಂದು ಕಂಡಿತು. ಹಿಡಿಯ ಅಡಿಯಲ್ಲಿ ಚೂರಿ ಮಡಚಿ ಕೂರಲು ಒಂದು ತೋಡು ಇರುತ್ತದೆ. ಒಂದು ಬಂದೂಕಿಗೆ ಸೂಜಿ ಚೂರಿ, ಇನ್ನೊಂದಕ್ಕೆ ಅಡುಗೆಮನೆಯ ಚೂರಿಯಂಥ ಚಪ್ಪಟೆ ಅಲಗು. ಸೂಜಿಯದು ಉದ್ದ, ಅಲಗು ಗಿಡ್ಡ. ಅಲಗಿನ ಬಂದೂಕಿಗಿದ್ದದ್ದು ಹಗುರ ಮರ, ಅದರ ತೋಡಿನಲ್ಲಿ ಅಲಗು ಕೂತ ಮೇಲೂ ಮುಂದೆ ಜಾಗ ಖಾಲಿ ಉಳಿಯುತ್ತಿತ್ತು. ಸೂಜಿಯ ಬಂದೂಕಿಗಿದ್ದದ್ದು ಭಾರದ ಮರ, ಅದರ ತೋಡು ಸೂಜಿಗೆ ಸರಿಯಾಗಿತ್ತು. ಆದರೆ ತೋಡಿನ ಕೊನೆಯ ಭಾಗದಲ್ಲಿ ಬಿರಿದ ಗೇರೆಣ್ಣೆಯ ಕೆಳಗೆ ಕೆಂಪು ಬಣ್ಣವೇ ಇರಲಿಲ್ಲ. ಅಲ್ಲಿ ಮರ ಹೊಸದಾಗಿ ಕೆತ್ತಿದ್ದು. ಟಾರ್ಚು ಹಿಡಿದು ಬಗ್ಗಿ ನೋಡಿದೆ. ಉಳಿ ಹೋದಲ್ಲೆಲ್ಲ ಪಕ್ಕಕ್ಕೊಂದು ಸಣ್ಣ ಗೀರು. ಮೂಲೆ ಹಾರಿದ ಉಳಿಯ ಗೀರು! ನಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಆ ಗೀರನ್ನು ನಾನು ದಿನಾ ಒರೆಸುತ್ತೇನೆ.

ಆದರೂ ಪೂರ್ತಿ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದವರು ಭಟ್ಕಳದ ಒಬ್ಬ ಸಾಹೇಬರು. ಸೌದಿಯ ದಮಾಮಿನಿಂದ ರಜೆಗೆ ಬಂದವರು, ಅವರ ಮನೆಯ ಮಂಚಕ್ಕೆ ನಾನು ಪಾಲಿಶ್ ಹಚ್ಚುತ್ತಿದ್ದೆ. ಹಚ್ಚುತ್ತ ಹಚ್ಚುತ್ತ ಬಂದೂಕಿನ ಕತೆ ಹೇಳಿದೆ. ಅವರು ಚಹಾದ ಕಪ್ಪು ಕೆಳಗಿಟ್ಟು ತೊಡೆ ತಟ್ಟಿದರು.

"ಅರೆ ಅಕ್ಕಾ! ನಮ್ಮ ಕಂಪನಿಯಲ್ಲಿ ಒಬ್ಬ ಅಮೆರಿಕದ ಇಂಜಿನಿಯರ್ ಇದ್ದಾನೆ. ಅವನ ಊರಲ್ಲಿ ಇಂಥದನ್ನೇ ಕೂಡಿಹಾಕೂ ಹುಚ್ಚು ಅವನಿಗೆ. ನಾವು ಮದುವೆ ಆಲ್ಬಮ್ ತೋರಿಸ್ತೇವಲ್ಲ, ಹಾಗೆ ಶುಕ್ರವಾರ ಶುಕ್ರವಾರ ಚೀನಾ ಬಂದೂಕಿನ ಫೋಟೋ ತೋರಿಸಿ ತಲೆ ತಿಂತಾನೆ. ಆ ಜನ ಕಬ್ಬಿಣ ನೋಡೂ ಮೊದಲು ಮರ ನೋಡ್ತಾರೆ."

"ಮರದಲ್ಲಿ ಎಂತ ನೋಡ್ತಾರೆ?"

"ಬಣ್ಣ, ತೂಕ, ತೋಡು. ಮೊದಮೊದಲು ಮಾಡಿದ್ದಕ್ಕೆ ಚಪ್ಪಟೆ ಚೂರಿ, ಗಿಡ್ಡ ತೋಡು. ಆಮೇಲಿನದ್ದಕ್ಕೆ ಸೂಜಿ, ಉದ್ದ ತೋಡು. ಮರವೂ ಬೇರೆ ಬೇರೆ. ಮತ್ತೆ ಕಬ್ಬಿಣದ ಮೇಲಿನ ನಂಬರನ್ನೇ ಮರದ ಎಡಬದಿಗೂ ಒತ್ತಿರ್ತಾರಂತೆ. ಎರಡೂ ನಂಬರು ಒಂದೇ ಆದ್ರೆ ಅವರಿಗೆ ಹಬ್ಬ. ಬೇರೆ ಆದ್ರೆ ಮುಟ್ಟೂದೂ ಇಲ್ಲ."

ಕೈಯಲ್ಲಿದ್ದ ಪಾಲಿಶ್ ಬಟ್ಟೆಯ ಉಂಡೆ ಹಾಗೇ ನಿಂತಿತು. ಎಷ್ಟು ಹೊತ್ತು ನಿಂತಿತೋ, ಮಂಚದ ಕಾಲಿನ ಮೇಲೆ ಕಲೆಯೇ ಕೂತಿತು. ಗಿಡ್ಡ ತೋಡಿನ ಮರಕ್ಕೆ ಸೂಜಿ ಕೂರದೆ ಯಾರೋ ತೋಡು ಉದ್ದ ಮಾಡಿದ್ದಾರೆ. ಅಂದರೆ ಮರಗಳು ಅದಲು ಬದಲಾಗಿವೆ. ಹವಾಲ್ದಾರರ ಗಾಯ ಇಷ್ಟು ದಿನ ಪಕ್ಕದ ಬಂದೂಕಿನ ಮೈಮೇಲೇ ಇರಬೇಕು!

ಮನೆಗೆ ಬಂದು ಚಪ್ಪಲಿ ಕಳಚುವ ಮೊದಲೇ ಕೇಳಿದೆ.

"ಮಾವಾ, ಆ ಬಂದೂಕಿನ ತೋಡು ಉದ್ದ ಮಾಡಿದ್ದು ನೀವೇ ಅಲ್ದಾ?"

"ಎಂತ ತೋಡು?"

"ನಿಮ್ಮ ಉಳಿಯ ಮೂಲೆ ಹಾರಿದ್ದು ನಂಗೆ ಗೊತ್ತಿಲ್ವಾ?"

ಮಾವ ಬಲೆಗೆ ಬಿದ್ದ ಏಡಿಯ ಹಾಗೆ ಅತ್ತಿತ್ತ ನೋಡಿದರು. "ಮಳೆ ನೀರು ಕುಡಿದು ಮರ ಉಬ್ಬಿತ್ತು. ಚೂರಿ ಕೂಡ್ರಲಿಲ್ಲ. ಸ್ವಲ್ಪ ತೆಗೆದೆ."

"ಮರ ಅಗಲಕ್ಕೆ ಉಬ್ತದೆ. ಉದ್ದಕ್ಕೆ ಉಬ್ತದಾ ಮಾವಾ? ಮಳೆಗಾಲದಲ್ಲಿ ದೋಣಿ ಹಲಗೆ ಉದ್ದ ಆದ್ದು ನಿಮ್ಮ ಜನ್ಮದಲ್ಲಿ ಕಂಡೀರಾ?"

ಮಾವ ಬಾಗಿಲ ಹೊರಗೆ ನೋಡುತ್ತ ಕೂತರು. ಆಮೇಲೆ ಮೆತ್ತಗೆ, "ಬಿಸಿಲಿಗೆ ಒಟ್ಟಿಗೇ ಇಟ್ಟಿದ್ದೆ. ಎರಡೂ ಕಪ್ಪು. ಬದ್ಲಾದ್ದು ನಂಗೆ ತಿಳೀಲಿಲ್ಲ" ಎಂದರು.

"ಗಾಯ? ಗಾಯ ಎಂತ ಮಾಡಿದ್ರಿ?"

"ಅದು ಗಾಯ ಅಂತ ನಂಗೆ ಹ್ಯಾಂಗೆ ಗೊತ್ತು ತಂಗಿ? ಹಗುರದ್ದರಲ್ಲಿ ಒಂದು ಸೀಳು ಇತ್ತು. ರಾಳ, ಎಣ್ಣೆ, ಸುಣ್ಣ ಅರೆದು ತುಂಬಿದೆ. ಬಿರುಕು ಬಿಟ್ಟ ಮರ ಕಣ್ಣೆದುರು ಇಟ್ಕಂಡು ಹಂಗೇ ಎದ್ದು ಬರೂಕೆ ನನ್ನ ಕೈ ಕೇಳ್ತದಾ? ನಾ ಕಟ್ಟಿದ ಒಂದು ದೋಣಿ ನೀರು ಕುಡಿದದ್ದು ಅದೆಯಾ?"

ಯುದ್ಧದಲ್ಲಿ ಬಿದ್ದ ಗಾಯಕ್ಕೆ ದೋಣಿಯ ಸೋರಿಕೆ ಎಂದು ರಾಳ ತುಂಬಿದ ಪುಣ್ಯಾತ್ಮ! ನನಗೆ ನಗು, ಸಿಟ್ಟು ಎರಡೂ ಒಟ್ಟಿಗೆ ಬಂತು. ಮಾವನಿಗೆ ಮಾತ್ರ ನಿಜವಾದ ಹೆದರಿಕೆ. ಸರ್ಕಾರದ ಬಂದೂಕು ಕೆತ್ತಿದವನನ್ನು ಮಿಲಿಟರಿಯವರು ಬಿಡುತ್ತಾರಾ, ಹೇಳಬೇಡ ತಂಗಿ ಎಂದು ಬೇಡಿಕೊಂಡರು. ಅವರು ನನ್ನ ಹತ್ತಿರ ಏನನ್ನಾದರೂ ಬೇಡಿದ್ದು ಅದೇ ಮೊದಲು.

ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಾಡದ ಹಿತ್ತಲಿನಲ್ಲಿ ತಲೆ ತಗ್ಗಿಸಿ ಈರುಳ್ಳಿಗೆ ನೀರು ಹಾಕುವವರು ಕಣ್ಣೆದುರು ಬಂದರು. "ಮಾವಾ, ನಾನು ಯಾರ ಹತ್ರವೂ ಹೇಳೂದಿಲ್ಲ. ನೀವೇ ಹೇಳ್ತೀರಿ," ಎಂದೆ. "ಅದಕ್ಕೂ ಮೊದಲು ಆ ರಾಳ ತೆಗೆಯೂದು ಹ್ಯಾಂಗೆ ಅಂತ ಹೇಳಿಕೊಡಿ."

ಅವರು ತಲೆ ಕೆರೆದುಕೊಂಡರು. "ಟರ್ಪೆಂಟೈನ್ ಕುಡಿಸಿದ್ರೆ ರಾಳ ಮೆತ್ತಗಾಗ್ತದೆ. ಆದ್ರೆ ಮೇಲಿನ ಗೇರೆಣ್ಣೆ ಬಿಡೂದಿಲ್ಲ. ಅದು ಬಿಡೂದು ಮರ ಬಿಟ್ಟ ಮೇಲೇ."

ಅಲ್ಲಿಗೆ ನಿಂತಿತು. ಒಣಗಿದ ಗೇರೆಣ್ಣೆಗೆ ಸ್ಪಿರಿಟ್ ಹತ್ತುವುದಿಲ್ಲ, ರಿಮೂವರ್ ಹಚ್ಚಿದರೆ ಮರವೇ ಹಾಳು, ಪೇಪರು ಹಾಕಿದರೆ ಗಾಯ, ನಂಬರು ಎರಡೂ ಮಾಯ. ಮರುದಿನ ಭಟ್ಕಳದ ಬಸ್ಸಿನಲ್ಲಿ ಕೂತು ಇದನ್ನೇ ತಲೆಯಲ್ಲಿ ತಿರುವಿದೆ. ಮುರ್ಡೇಶ್ವರದ ತಿರುವು ದಾಟುವಾಗ ಹೊಳೆಯಿತು. ಗೇರೆಣ್ಣೆಗೆ ಸ್ಪಿರಿಟ್ ಹತ್ತದಿದ್ದರೇನು? ಗೇರೆಣ್ಣೆ ಕೂತಿರುವುದು ಚೀನಾದವರು ಹಚ್ಚಿದ ಕೆಂಪು ಬಣ್ಣದ ಮೇಲೆ. ಆ ಕೆಂಪು ನಾನು ದಿನಾ ಹಚ್ಚುವ ಪಾಲಿಶಿನ ಅರಗೇ ಆಗಿದ್ದರೆ? ಅರಗು ಸ್ಪಿರಿಟ್ಟಿಗೆ ಕರಗುತ್ತದೆ. ಕೆಳಗಿನದು ಸಡಿಲವಾದರೆ ಮೇಲಿನದು ತಾನಾಗಿ ಎದ್ದು ಬರಬೇಕು. ಗೋಡೆಯ ಮಣ್ಣು ಬಿಟ್ಟರೆ ಸುಣ್ಣದ ಹಪ್ಪಳ ಏಳುವುದಿಲ್ಲವೇ, ಹಾಗೆ.

ಭಟ್ಕಳಕ್ಕೆ ಹೋಗುವುದನ್ನು ಬಿಟ್ಟು ಅಲ್ಲೇ ಇಳಿದು ಕುಮಟೆಯ ಬಸ್ಸು ಹಿಡಿದೆ.

ಮೊದಲು ಬುಡದ ತಗಡಿನ ಪಕ್ಕದ ಅಂಚಿನಲ್ಲಿ, ಗೇರೆಣ್ಣೆ ಸಣ್ಣಗೆ ಬಿರಿದಿದ್ದ ಕಡೆ ಸ್ಪಿರಿಟ್ಟಿನ ಹತ್ತಿ ಒತ್ತಿ, ಆರದಿರಲೆಂದು ಪ್ಲಾಸ್ಟಿಕ್ ಸುತ್ತಿ ಕಟ್ಟಿದೆ. ಬಿಚ್ಚಿದಾಗ ಹತ್ತಿ ಕೆಂಪಗಾಗಿತ್ತು. ಅರಗೇ! ಕುಣಿಯುವುದೊಂದು ಬಾಕಿ. ಬಿದಿರಿನ ಸೀಳನ್ನು ಚಪ್ಪಟೆ ಮಾಡಿ ಅಂಚಿನ ಕೆಳಗೆ ತೂರಿಸಿದರೆ ಕಪ್ಪು ಪೊರೆ ಉಗುರಿನಷ್ಟು ಎದ್ದಿತು. ಕಬ್ಬಿಣ ತಾಗಿಸಲೇ ಇಲ್ಲ. ಒಂದಿಷ್ಟು ಒತ್ತುವುದು, ಕಟ್ಟುವುದು, ಕಾಯುವುದು, ಎಬ್ಬಿಸುವುದು. ಅವಸರ ಮಾಡಿದ ಒಂದು ಕಡೆ ಮರದ ಚಕ್ಕೆಯೇ ಎದ್ದು ಬಂತು. ಅದನ್ನು ಅಂಟಿಸಿ ಕೂರಿಸುವಷ್ಟರಲ್ಲಿ ಆ ದಿನದ ಕೆಲಸ ಹೋಯಿತು. ಹೀಗೆ ವಾರಗಟ್ಟಲೆ ನಡೆಯಿತು. ಕಾರ್ಯದರ್ಶಿ ಬಾಗಿಲಲ್ಲಿ ನಿಂತು "ಸಾಹೇಬರು ಬರೂಕೆ ಆತು, ಇನ್ನೂ ಹಿಡಿ ಅರ್ಧ ಕಾಗೆ, ಅರ್ಧ ಗಿಳಿ" ಎಂದು ಗೊಣಗಿ ಹೋಗುತ್ತಿದ್ದರು.

ಹಗುರ ಮರದ ಎಡಬದಿಯಲ್ಲಿ ಮೊದಲು ಎದ್ದು ಬಂದದ್ದು ನಂಬರು. ಮರಕ್ಕೆ ಒತ್ತಿದ ಅಂಕಿಗಳು, ಅರಗಿನ ಕೆಂಪು ಅವುಗಳ ಹೊಂಡದಲ್ಲಿ ಉಳಿದೇ ಇತ್ತು. ಕಾರ್ಯದರ್ಶಿ ಸೂಜಿ ಚೂರಿಯ ಕಬ್ಬಿಣ ಎತ್ತಿ ಹಿಡಿದು ಒಂದೊಂದೇ ಅಂಕಿ ಗಟ್ಟಿಯಾಗಿ ಓದಿದರು, ನಾನು ಮರದ ಮೇಲೆ ಬೆರಳಿಡುತ್ತ ಹೋದೆ. ಕೊನೆಯ ಅಂಕಿಗೂ ಬೆರಳು ಸರಿಯಾಗಿ ಬಿತ್ತು. ಅವರು ಕಬ್ಬಿಣ ಮೇಜಿನ ಮೇಲಿಟ್ಟರು.

"ಅಯ್ಯೋ ದೇವರೇ. ಆ ಮನುಷ್ಯನಿಗೆ ನಾನೇ ಎಲ್ಲರೆದುರು 'ನಿಮಗೆ ವಯಸ್ಸಾತು' ಅಂದಿದ್ದೆ," ಎಂದರು.

ರಾಳ ತೆಗೆಯುವ ದಿನ ಮಾವನನ್ನೂ ಕರೆದುಕೊಂಡು ಹೋದೆ. ಅವರೇ ತುಂಬಿದ್ದು, ಅವರಿಗೇ ಗೊತ್ತು ಎಷ್ಟು ಆಳ ಎಂದು. ಟರ್ಪೆಂಟೈನಿನ ಬತ್ತಿ ಇಟ್ಟು ಮೆತ್ತಗಾದ ಮೇಲೆ ಬಿದಿರ ಕಡ್ಡಿ ಕೈಗೆ ಕೊಟ್ಟೆ. ಆ ದೊಡ್ಡ ಒರಟು ಕೈ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ರಾಳವನ್ನು ಎಬ್ಬಿಸಿತು. ಕೆಳಗೆ ಓರೆಯಾದ, ಅಂಚು ಸಿಡಿದ ಹಳೆಯ ಸೀಳು ಕಂಡಿತು. ಮಾವ ಅದನ್ನು ನೋಡುತ್ತ ಕೂತರು. "ಇದನ್ನು ನಾನು ಬಿರುಕು ಅಂದೆನಲ್ಲ" ಎಂದು ತಮಗೇ ಹೇಳಿಕೊಂಡರು. ಆಮೇಲೆ ಹೆಗಲ ಟವೆಲಿನಿಂದ ಕೈ ಒರೆಸಿಕೊಂಡು ಎದ್ದರು. "ಬಾಡಕ್ಕೆ ನಾನೇ ಹೋಗ್ತೆ."

ಹವಾಲ್ದಾರರು ಬರಲಿಕ್ಕಿಲ್ಲ ಎಂದು ನಾನು ಅಂದುಕೊಂಡಿದ್ದೆ. ಆದರೆ ವಿಜಯ ದಿವಸದ ಬೆಳಿಗ್ಗೆ ಸಭಾಭವನದ ಎದುರು ರಿಕ್ಷಾ ನಿಂತಿತು. ಅವರೂ ಮಾವನೂ ಜೋರು ಜೋರಾಗಿ ಮಾತಾಡುತ್ತಲೇ ಇಳಿದರು. ಹವಾಲ್ದಾರರು ಪದಕಗಳನ್ನೆಲ್ಲ ಹಾಕಿಕೊಂಡಿದ್ದರು.

"ಇವನ ದೋಣಿಯಲ್ಲಿ ಒಂದಿನ ನನ್ನ ಕೂಡ್ರಿಸ್ತಾನಂತೆ ತಂಗಿ! ಗಾಯ ಮುಚ್ಚಿದವನ ಮಾತು ನಂಬೂದಾ?" ಎಂದರು. ಮುಖ ಮಾತ್ರ ಅರಳಿತ್ತು.

ನೆರೆದವರೆದುರು ಮೇಜರ್ ಎರಡೂ ಮರ, ಎರಡೂ ಕಬ್ಬಿಣ, ಎರಡೂ ನಂಬರು ನೋಡಿದರು. ಭಾರದ ಮರದ ನಂಬರು ಅಲಗಿನ ಕಬ್ಬಿಣಕ್ಕೆ, ಹಗುರದ್ದು ಸೂಜಿಯ ಕಬ್ಬಿಣಕ್ಕೆ. ಭಾರದ ಮರದ ಉದ್ದ ಮಾಡಿದ ತೋಡಿನ ಮೇಲೆ ಬೆರಳಿಟ್ಟು ಕನ್ನಡದಲ್ಲೇ "ಇದು ಯಾರ ಕೆಲಸ?" ಎಂದು ಕೇಳಿದರು. ನಾನು ಮಾವನ ಕಡೆ ನೋಡಲೇ ಇಲ್ಲ, ದೇವರಾಣೆ.

"ನಂದು ಸಾಹೇಬ್ರೆ," ಎಂದು ಮಾವ ಎದ್ದು ನಿಂತರು. "ಮರ ಅದಲು ಬದಲು ಮಾಡಿದ್ದೂ ನಾನೇ, ಕೆತ್ತಿದ್ದೂ ನಾನೇ, ಇವರ ಗಾಯಕ್ಕೆ ರಾಳ ತುಂಬಿದ್ದೂ ನಾನೇ. ಇವರು ಹೇಳಿದ್ದೆಲ್ಲ ಖರೆ. ಇವರ ಬಗ್ಗೆ ನಕ್ಕವರೆಲ್ಲ ಇನ್ನು ನನ್ನ ಬಗ್ಗೆ ನಗಿ."

ಯಾರೂ ನಗಲಿಲ್ಲ. ಮೇಜರ್ ಆ ತೋಡನ್ನು ಇನ್ನೊಮ್ಮೆ ನೋಡಿ, "ಕೆಲಸ ನೀಟಾಗಿದೆ. ಇದನ್ನು ತುಂಬಬೇಡಿ, ಹೀಗೇ ಇರಲಿ. ಕಾಸರಕೋಡಿನ ಬಡಗಿ ಉದ್ದ ಮಾಡಿದ್ದು ಎಂದು ದಾಖಲೆಯಲ್ಲಿ ಬರೆಯುತ್ತೇವೆ" ಎಂದರು. ನಮ್ಮ ಮಾವನ ಉಳಿ ಮಿಲಿಟರಿ ದಾಖಲೆಗೆ ಹೋಯಿತು! ಅದನ್ನು ಅವರು ಇವತ್ತಿಗೂ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರೆ.

ಬಂದೂಕು ಹವಾಲ್ದಾರರ ಕೈಗೆ ಬಂತು. ಅವರ ಹೆಬ್ಬೆರಳು ಹುಡುಕಲೂ ಇಲ್ಲ, ಸೀದಾ ಹೋಗಿ ಆ ಸೀಳಿನೊಳಗೆ ಕೂತಿತು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ನಿಂತರು. ಮೂಲೆಯಲ್ಲಿದ್ದ ಅವರ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡರು.

ಫಲಕ ಕೂರಿಸಲು ಮಾವ ತೂತು ಕೊರೆದುಕೊಟ್ಟರು. ಸ್ಕ್ರೂ ತಿರುಗಿಸಲು ಯಾರ ಕೈಗೂ ಕೊಡದೆ ಹವಾಲ್ದಾರರೇ ಬಗ್ಗಿ ತಿರುಗಿಸಿದರು. ಸ್ಕ್ರೂ ಡ್ರೈವರ್ ಜಾರಿತು, ಮತ್ತೆ ಹಿಡಿದರು. ಮುಗಿದ ಮೇಲೆ ಮೇಜರ್ "ಓದಿ ಹೇಳಿ ದಾದಾ" ಎಂದರು.

ಹವಾಲ್ದಾರರು ಎರಡು ಹೆಜ್ಜೆ ಹಿಂದೆ ಸರಿದು ನೆಟ್ಟಗೆ ನಿಂತರು. ಬಾಡದ ಹಿತ್ತಲಲ್ಲಿ ಕೇಳಿದ ದನಿ ಅಲ್ಲವೇ ಅಲ್ಲ ಅದು. ಮೈದಾನದ ಆ ಕೊನೆಗೆ ಕೇಳಿಸುವ ಪರೇಡಿನ ದನಿಯಲ್ಲಿ ತಮ್ಮ ನಂಬರು, ದರ್ಜೆ, ಹೆಸರು ಮೂರನ್ನೂ ಕೂಗಿದರು. ಕುರ್ಚಿಗಳು ಸದ್ದು ಮಾಡಿದವು. ಹಿಂದೆ ಕೂತಿದ್ದ ಮುದಿ ಸೈನಿಕರೆಲ್ಲ, ಕೋಲು ಹಿಡಿದವರೂ ಸೇರಿ, ಯಾರೂ ಹೇಳದೆ ಎದ್ದು ಸಾವಧಾನ್ ಭಂಗಿಯಲ್ಲಿ ನಿಂತುಬಿಟ್ಟಿದ್ದರು. ಹವಾಲ್ದಾರರ ಹೆಸರು ಹಿಡಿದು ಪೇಟೆಯಲ್ಲಿ ನಕ್ಕವರೂ ಅವರಲ್ಲಿ ಇದ್ದರು.